ಪದಚರ್ಚೆ: ‘ಸ್ಥಿರ ಗೇರ್’ ಸರಿಯೇ? ನಿಲ್ಲಲೊಲ್ಲದ ಪೆಡಲಿಗೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಿಗೆ ನಮಸ್ಕಾರ.

ವಿಜಯಪುರದಲ್ಲಿ ಕುಳಿತು ಸೈಕಲ್ಲಿನ ಮಾತಿಗೆ ಪದ ಸಿಗುತ್ತಿಲ್ಲ ಎನ್ನಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಸವಾರರನ್ನು ಕಳಿಸುತ್ತ ಬಂದಿರುವ ಜಿಲ್ಲೆ ಇದು. ಪಕ್ಕದ ಬಾಗಲಕೋಟೆಯೂ ಹಾಗೆಯೇ. ಬೆಳಗಿನ ಜಾವ ಹಾಲಿಗೆ ಹೋದವರಿಗೆ ತಲೆ ತಗ್ಗಿಸಿ ಸಾಲಾಗಿ ತುಳಿಯುತ್ತ ಹೋಗುವ ಹುಡುಗರು ಎದುರಾಗುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೂ ಒಂದು ತಿಂಗಳಿಂದ ಒಂದೇ ಒಂದು ಪದಕ್ಕಾಗಿ ಪರದಾಡುತ್ತಿದ್ದೇನೆ.

ಸಂಗತಿ ಇಷ್ಟು. ಅಕ್ಕನ ಮಗ ಹಳೆಯ ರೋಡ್ ಸೈಕಲ್ಲೊಂದನ್ನು ಕೊಂಡು ತಂದ. ಉಕ್ಕಿನ ಚೌಕಟ್ಟು, ಬಾಗಿದ ಹ್ಯಾಂಡಲ್, ಮುಂದೆ ಎರಡು ಹಲ್ಲುಚಕ್ರ, ಹಿಂದೆ ಆರು. ಗೇರ್ ಬದಲಿಸುವ ಸಾಮಾನೆಲ್ಲ ತುಕ್ಕು ಹಿಡಿದಿತ್ತು. ಅದನ್ನೆಲ್ಲ ಬಿಚ್ಚಿ ಹಾಕಿ ಮುಂದೊಂದು, ಹಿಂದೊಂದು ಹಲ್ಲುಚಕ್ರ ಮಾತ್ರ ಉಳಿಸಿಕೊಳ್ಳುತ್ತೇನೆ ಎಂದ. ನಂತರ, “ಮಾಮಾ, ಇದನ್ನು ಹೇಗೆ ಮಾಡಬೇಕೆಂದು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡಿ, ನಮ್ಮ ಸಣ್ಣ ಹುಡುಗರಿಗೆ ಬೇಕು” ಎಂದು ಕೆಲಸ ಹಚ್ಚಿದ. ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ನಾಲ್ಕು ಪುಟ ಯಾವ ಲೆಕ್ಕ ಎಂದು ಒಪ್ಪಿಕೊಂಡೆ. ಸಿಕ್ಕಿಬಿದ್ದೆ.

ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ, ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಒಂದು, ಸಿಂಗಲ್ ಸ್ಪೀಡ್. ಇದರಲ್ಲಿ ಗೇರ್ ಒಂದೇ. ಆದರೆ ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಕುಳಿತರೆ ಸೈಕಲ್ ತನ್ನ ಪಾಡಿಗೆ ಕಟಕಟ ಎನ್ನುತ್ತ ಓಡುತ್ತದೆ. ಇನ್ನೊಂದು, ಫಿಕ್ಸೆಡ್ ಗೇರ್. ಇದರಲ್ಲೂ ಗೇರ್ ಒಂದೇ. ಆದರೆ ಹಿಂದಿನ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಕಾಲು ನಿಂತರೂ ಗಾಲಿಯನ್ನು ತಿರುಗಲು ಬಿಡುವ ಫ್ರೀವೀಲ್ ಇದರ ಗಾಲಿಯಲ್ಲಿ ಇಲ್ಲ. ವೆಲೋಡ್ರೋಮಿನಲ್ಲಿ, ಎಂದರೆ ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ಸುತ್ತುದಾರಿಯಲ್ಲಿ, ಓಡಿಸುವ ಟ್ರ್ಯಾಕ್ ಸೈಕಲ್ಲುಗಳು ಇವೇ. ಅವುಗಳಿಗೆ ಬ್ರೇಕ್ ಕೂಡ ಇರುವುದಿಲ್ಲ. (ರಸ್ತೆಗೆ ಇಳಿಸುವುದಾದರೆ ಮುಂದಿನ ಬ್ರೇಕನ್ನು ಮಾತ್ರ ಬಿಚ್ಚಬಾರದು ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.)

ಮೊದಲನೆಯದಕ್ಕೆ ಒಬ್ಬರು ಅಂಕಣಕಾರರು ‘ಏಕವೇಗದ ಸೈಕಲ್’ ಎಂದು ಬರೆದದ್ದನ್ನು ಓದಿದೆ. ಒಪ್ಪಲಾಗದು. ವೇಗ ಒಂದೇ ಎಲ್ಲಿದೆ? ಮುಂದೆ 46 ಹಲ್ಲು, ಹಿಂದೆ 16 ಹಲ್ಲು ಇಟ್ಟರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಸುಮಾರು 2.9 ಸುತ್ತು ಬರುತ್ತದೆ. ಸೈಕಲ್ ಹತ್ತಿರ ಹತ್ತಿರ 6 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 40 ಸುತ್ತು ತುಳಿದರೆ ಗಂಟೆಗೆ 14 ಕಿ.ಮೀ. ಚಿಲ್ಲರೆ, 80 ಸುತ್ತು ತುಳಿದರೆ 29 ಕಿ.ಮೀ. ಒಂದೇ ಆಗಿರುವುದು ಹಲ್ಲಿನ ಲೆಕ್ಕ, ವೇಗವಲ್ಲ. ‘ಗೇರ್ ಇಲ್ಲದ ಸೈಕಲ್’ ಎಂಬುದೂ ಬಳಕೆಯಲ್ಲಿದೆ. ಒಂದು ಗೇರ್ ಇದ್ದೇ ಇದೆಯಲ್ಲ.

ನಿಜ ಹೇಳಬೇಕೆಂದರೆ ಇದಕ್ಕೆ ನಾವು ಪದ ಹುಡುಕುವ ಅಗತ್ಯವೇ ಇಲ್ಲ. ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವ ಕಪ್ಪು ಸೈಕಲ್ ಏನು? ಸಿಂಗಲ್ ಸ್ಪೀಡೇ. ನಮ್ಮ ಅಜ್ಜಂದಿರು ಅದನ್ನು ಬರೀ ಸೈಕಲ್ ಎಂದರು. ಗೇರ್ ಸೈಕಲ್ ಬಂದ ಮೇಲೆ ಅದು ‘ಸಾದಾ ಸೈಕಲ್’ ಆಯಿತು, ಮಸಾಲೆ ದೋಸೆ ಬಂದ ಮೇಲೆ ದೋಸೆ ಸಾದಾ ಆದ ಹಾಗೆ. ಜಗತ್ತಿನ ಕಥೆಯೂ ಅದೇ: 1903ರಲ್ಲಿ ಆರಂಭವಾದ ಸೈಕಲ್ ಸ್ಪರ್ಧೆ ಟೂರ್ ಡಿ ಫ್ರಾನ್ಸ್‌ನಲ್ಲಿ ಓಡುತ್ತಲೇ ಗೇರ್ ಬದಲಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಹಾಗಾಗಿ ನನ್ನ ಪುಟಗಳಲ್ಲಿ ‘ಗೇರ್ ಸೈಕಲ್ಲನ್ನು ಸಾದಾ ಮಾಡುವುದು’ ಎಂದೇ ಬರೆದೆ. ನೆಲ ಸಮತಟ್ಟಾಗಿರುವ ನಮ್ಮ ಕಡೆ ಸಾದಾ ಸಾಕು. ಎದುರುಗಾಳಿ ಬಂದ ದಿನ ಮಾತ್ರ ಗೇರ್ ನೆನಪಾಗುತ್ತದೆ.

ತೊಡಕು ಇರುವುದು ಎರಡನೆಯದರಲ್ಲಿ. ‘ಸ್ಥಿರ ಗೇರ್’ ಎಂದು ಕೆಲವರು ಬರೆಯುತ್ತಾರೆ. ಸ್ಥಿರ ಎಂದರೆ ಕನ್ನಡ ಕಿವಿಗೆ ಕೇಳಿಸುವುದು ಅಲುಗಾಡದ್ದು: ಸ್ಥಿರಾಸ್ತಿ, ಸ್ಥಿರ ದೂರವಾಣಿ. ಇದೋ, ಅಲುಗಾಡುವುದನ್ನು ಬಿಟ್ಟು ಬೇರೇನನ್ನೂ ಮಾಡದ ಯಂತ್ರ! ಮೊದಲ ಸಲ ಹತ್ತಿದ ದಿನ ನನಗೆ ಇದು ತಲೆಗಲ್ಲ, ಮೊಣಕಾಲಿಗೆ ತಿಳಿಯಿತು. ಮನೆಯ ಮುಂದಿನ ರಸ್ತೆಯಲ್ಲಿ ಇಪ್ಪತ್ತು ಮಾರು ಹೋಗಿ, ತಿರುವು ಬಂತೆಂದು ನಲವತ್ತು ವರ್ಷಗಳ ಅಭ್ಯಾಸದಂತೆ ಕಾಲು ನಿಲ್ಲಿಸಿದೆ. ಪೆಡಲ್ ನಿಲ್ಲಲಿಲ್ಲ. ಕೆಳಗಿನಿಂದ ಯಾರೋ ಪಾದಕ್ಕೆ ಗುದ್ದಿದಂತೆ ಕಾಲನ್ನು ಎತ್ತಿ ಒಗೆಯಿತು. ಸೀಟಿನಿಂದ ಗೇಣೆತ್ತರ ಎದ್ದು ಮತ್ತೆ ಕುಳಿತೆ. ಕಟ್ಟೆಯ ಮೇಲೆ ಕುಳಿತಿದ್ದವರು ಮುಖ ಆಚೆ ತಿರುಗಿಸಿಕೊಂಡು ನಕ್ಕರು, ಮಾಸ್ತರ್ ಎಂಬ ಮರ್ಯಾದೆಗೆ. ಇಂಥದ್ದನ್ನು ಸ್ಥಿರ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇಲ್ಲಿ ಬಿಗಿಯಾಗಿರುವುದು ಗೇರ್ ಅಲ್ಲ, ಕಾಲಿಗೂ ಗಾಲಿಗೂ ಇರುವ ನಂಟು.

ಅಂಗಡಿಯಲ್ಲಿ ಏನನ್ನುತ್ತಾರೆ ಎಂದು ಕೇಳಲು ಹೋದೆ. ಅಲ್ಲಿ ಫ್ರೀವೀಲನ್ನು ‘ಫ್ರೀ’ ಎಂದಷ್ಟೇ ಕರೆಯುತ್ತಾರೆ. ಫ್ರೀ ಹೋಗಿದೆ, ಫ್ರೀ ಬದಲಿಸಬೇಕು, ಹೀಗೆ. “ಕಾಕಾ, ಫ್ರೀ ಇಲ್ಲದ ಸೈಕಲ್ ಮಾಡಬೇಕಾಗಿದೆ” ಎಂದೆ. ಅವರು ಕೈಯೊರೆಸಿಕೊಳ್ಳುತ್ತ ಒಂದು ಗಳಿಗೆ ನನ್ನ ಮುಖ ನೋಡಿದರು. “ಫ್ರೀ ಜಾಮ್ ಆಗಿದೆ, ಬಿಡಿಸಿಕೊಡಿ ಎಂದು ಜನ ಬರುತ್ತಾರೆ ಮಾಸ್ತರೇ. ನೀವು ಜಾಮ್ ಮಾಡಿಕೊಡಿ ಎನ್ನುತ್ತಿದ್ದೀರಿ. ವೆಲ್ಡಿಂಗ್ ಹೊಡೆಸಿಬಿಡಲೇ?” ಜಾಮ್ ಎಂಬುದು ಅವರ ಮಟ್ಟಿಗೆ ಸರಿಯಾದ ಪದವೇ, ಆದರೆ ರೋಗದ ಹೆಸರು ಅದು. ಬೇಕೆಂದೇ ಮಾಡಿಕೊಂಡದ್ದಕ್ಕೆ ರೋಗದ ಹೆಸರಿಡುವುದು ಹೇಗೆ? ‘ಫ್ರೀ ಇಲ್ಲದ ಸೈಕಲ್’ ಎಂದೇ ಬರೆಯೋಣವೆಂದರೆ ಬೇರೆ ತೊಂದರೆ. ಫ್ರೀ ಸೈಕಲ್ ಎಂದರೆ ನಮ್ಮ ಹುಡುಗರ ತಲೆಯಲ್ಲಿ 2006-07ರಿಂದ ಎಂಟನೆಯ ತರಗತಿಗೆ ಸರಕಾರ ಕೊಟ್ಟ ಸೈಕಲ್. ಅದು ಇಲ್ಲದ್ದೆಂದರೆ ದುಡ್ಡು ಕೊಟ್ಟು ಕೊಂಡದ್ದು!

ಆದರೆ ಆ ಅಂಗಡಿಯಿಂದ ಬರಿಗೈಯಲ್ಲಿ ಬರಲಿಲ್ಲ. ಗಾಲಿಯ ನಡುವೆ ಅಚ್ಚು ಹಾಯುವ ಹೊಸ ಹಬ್ಬಿನ ಮೇಲೆ ಹಲ್ಲುಚಕ್ರವನ್ನು ತಿರುಗಿಸಿ ಕೂರಿಸಿದ ಮೇಲೆ ಅದರ ಹೊರಗಡೆ ಇನ್ನೊಂದು ಉಂಗುರ ಬರುತ್ತದೆ. ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಕಾಲಿನಿಂದ ಹಿಂದಕ್ಕೆ ಒತ್ತಿ ಸೈಕಲ್ ನಿಧಾನಿಸುವಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ನೋಡುತ್ತದೆ. ಉಂಗುರ ಆ ದಿಕ್ಕಿನಲ್ಲೇ ಬಿಗಿಯಾಗುವುದರಿಂದ ಅದಕ್ಕೆ ದಾರಿ ಬಿಡುವುದಿಲ್ಲ. ನಾನು ವಿವರಿಸಲು ತಿಣುಕುತ್ತಿದ್ದಾಗ ಕಾಕಾ, “ಉಲ್ಟಾ ಆಟೆ ಅನ್ನಿ, ಎಡ ಪೆಡಲ್ಲಿನ ಹಾಗೆ” ಎಂದು ಮುಗಿಸಿದರು. ಮರಾಠಿಯಲ್ಲಿ ಸ್ಕ್ರೂವಿನ ಸುತ್ತುಗೆರೆಗೆ ಆಟೆ ಎನ್ನುತ್ತಾರೆ, ಅಲ್ಲಿಂದಲೇ ಬಂದಿರಬೇಕು. ‘ಎಡಸುತ್ತಿನ ತಿರುಪು’ ಎಂದು ನಾನು ಬರೆದಿಟ್ಟುಕೊಂಡಿದ್ದನ್ನು ಹೊಡೆದುಹಾಕಿದೆ. ಆ ಉಂಗುರಕ್ಕೆ ಮಾತ್ರ ‘ಕಡಾಣಿ’ ಎಂದು ಹೆಸರಿಟ್ಟಿದ್ದೇನೆ. ಬಂಡಿಯ ಗಾಲಿ ಅಚ್ಚಿನಿಂದ ಕಳಚದಂತೆ ಕಾಯುವ ಕೀಲಿಗೂ ಇದಕ್ಕೂ ಆಕಾರ ಬೇರೆ, ಕಾಯಕ ಒಂದೇ. ಅತಿಯಾಯಿತು ಎನಿಸಿದರೆ ಹೇಳಿ.

ಹಿಂದಿನ ಅಚ್ಚು ಕೂರುವ ಸೀಳಿಗೆ ‘ಕಚ್ಚು’ ಎಂದೆ. ಹಳೆಯ ಚೌಕಟ್ಟಿನಲ್ಲಿ ಈ ಕಚ್ಚು ಅಡ್ಡಡ್ಡ ಇರುವುದೇ ಈ ಕೆಲಸದ ಪುಣ್ಯ: ಗಾಲಿಯನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಬಹುದು. ಕಚ್ಚು ನೆಟ್ಟಗೆ ಕೆಳಕ್ಕಿರುವ ಹೊಸ ಚೌಕಟ್ಟುಗಳಲ್ಲಿ ಆ ಅನುಕೂಲವಿಲ್ಲ. ನಮ್ಮದರಲ್ಲಿ ಎರಡು ಕಚ್ಚುಗಳ ನಡುವೆ 126 ಮಿ.ಮೀ., ಹೊಸ ಹಬ್ 120 ಮಿ.ಮೀ.; ಎರಡೂ ಬದಿಗೆ 3 ಮಿ.ಮೀ. ವಾಷರ್ ಕೊಟ್ಟೆವು. ವಾಷರ್‌ಗೆ ಕನ್ನಡ ಪದ ಹುಡುಕುವ ಉತ್ಸಾಹ ನನಗಿಲ್ಲ, ನಿಮಗೂ ಬೇಡ.

ಈಗ ಮುಖ್ಯ ಪ್ರಶ್ನೆ. ನನ್ನ ಮುಂದೆ ಒಂದು ಜೋಡಿ ಇದೆ: ಫ್ರೀವೀಲಿಗೆ ‘ಬಿಡುಗಾಲಿ’, ಫಿಕ್ಸೆಡ್‌ಗೆ ‘ಬಿಡದ ಗಾಲಿ’. ಬೀಸುಕಲ್ಲು, ಸುಡುಗಾಡು, ಕಡೆಗೋಲುಗಳ ಹಾಗೆ ಮೊದಲನೆಯದು ಗಮಕ ಸಮಾಸ, ವ್ಯಾಕರಣದ ತಕರಾರಿಲ್ಲ. ಇಳಿಜಾರಿನಲ್ಲಿ ತುಳಿಯದೆ ಹೋಗುವುದಕ್ಕೆ ಹುಡುಗರು ‘ಫ್ರೀ ಬಿಡುವುದು’ ಎನ್ನುತ್ತಾರೆ, ಆದ್ದರಿಂದ ‘ಬಿಡು’ ಧಾತು ಆಗಲೇ ಅವರ ಬಾಯಲ್ಲಿದೆ. ತೊಂದರೆ ಎಂದರೆ ‘ಬಿಡುಗಾಲಿ’ ಎಂದಾಗ ಅಳಿಯ ‘ಬಿಡಿಗಾಲಿ’ ಎಂದು ಕೇಳಿಸಿಕೊಂಡು, ಹೆಚ್ಚುವರಿ ಗಾಲಿ ಯಾಕೆ ಎಂದು ಕೇಳಿದ. ಒಂದು ಸ್ವರದ ಅಂತರ. ‘ಕೂಡುಗಾಲಿ’ ಎಂದರೆ? ಕಾಲೂ ಗಾಲಿಯೂ ಕೂಡಿ ತಿರುಗುವುದು. ಅರ್ಥ ಹತ್ತಿರವಿದೆ, ಆದರೆ ಎರಡು ಗಾಲಿ ಕೂಡಿಸಿದಂತೆಯೂ ಕೇಳುತ್ತದೆ.

ಈ ನಂಟು ನಮಗೆ ಹೊಸದೇನಲ್ಲ. ಮೂರು ಗಾಲಿಯ ಸೈಕಲ್ಲಿನಲ್ಲಿ ಮಗುವನ್ನು ಕೂರಿಸಿ ಹಿಂದಿನಿಂದ ಜೋರಾಗಿ ದೂಡಿದರೆ ಅದು ಎರಡೂ ಕಾಲು ಮೇಲೆತ್ತಿಕೊಳ್ಳುತ್ತದೆ, ಪೆಡಲ್ ತಾನೇ ಗಿರಗಿರ ತಿರುಗುತ್ತದೆ. ಅವ್ವನ ಹೊಲಿಗೆ ಯಂತ್ರದಲ್ಲೂ ಅದೇ: ಗಾಲಿ ನಿಲ್ಲುವವರೆಗೂ ಕಾಲಡಿಯ ಹಲಗೆ ನಿಲ್ಲದು. ಗಾಣದಲ್ಲಿ ಎತ್ತು ನಿಂತರೆ ಗಾಣವೂ ನಿಂತಂತೆ. ಇಷ್ಟೆಲ್ಲ ಕಡೆ ಇರುವ ಗುಣಕ್ಕೆ ಬಡಿಗರು, ಕಮ್ಮಾರರು, ಗಾಣದವರು ಏನಾದರೂ ಅಂದಿರಲೇಬೇಕು. ‘ಬಿಗಿ’ ಅಲ್ಲ, ‘ಜೋಡಿ’ ಅಲ್ಲ. ಒಂದು ತಿರುಗಿದರೆ ಇನ್ನೊಂದಕ್ಕೆ ಬಿಡುವಿಲ್ಲ ಎಂಬ ಅರ್ಥದ ಪದ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಗಾಣ ನೋಡಿದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ.

ಜೊತೆಗೊಂದು ಕಿರುಪ್ರಶ್ನೆ. ಈ ಸೈಕಲ್ಲಿನಲ್ಲಿ ಕಾಲು ಬಿಗಿಹಿಡಿದು ಹಿಂದಿನ ಗಾಲಿಯನ್ನು ಬೇಕೆಂದೇ ರಸ್ತೆಗೆ ಉಜ್ಜಿ ನಿಲ್ಲಿಸುತ್ತಾರೆ. 48ಕ್ಕೆ 16 ಹಲ್ಲು ಇಟ್ಟರೆ, ಸದಾ ಒಂದೇ ಕಾಲು ಮುಂದಿಟ್ಟು ನಿಲ್ಲಿಸುವವನ ಟಯರ್ ಪ್ರತಿ ಸಲ ಒಂದೇ ಜಾಗದಲ್ಲಿ ಸವೆಯುತ್ತದೆ. 46ಕ್ಕೆ 16 ಇಟ್ಟರೆ ಸವೆತ ಎಂಟು ಜಾಗಗಳಿಗೆ ಹಂಚಿಹೋಗುತ್ತದೆ. 46/16 ಎಂಬುದನ್ನು 23/8ಕ್ಕೆ ಇಳಿಸಿ, ಕೆಳಗಿನ ಸಂಖ್ಯೆ ನೋಡಿದರೆ ಲೆಕ್ಕ ಸಿಗುತ್ತದೆ. ಈ ನಿಲ್ಲಿಸುವಿಕೆಗೆ ‘ಜಾರಿಸುವುದು’ ಎಂದು ಬರೆದರೆ ಬಿದ್ದಂತೆ ಕೇಳುತ್ತದೆ. ‘ಉಜ್ಜಿ ನಿಲ್ಲಿಸುವುದು’ ನಡೆದೀತೇ?

ಅಳಿಯ ದಿನಾ ಸಂಜೆ ಕೇಳುತ್ತಿದ್ದಾನೆ. ಸೈಕಲ್ ಮುಗಿದು ಹತ್ತು ದಿನವಾಯಿತು, ಕೊಲ್ಹಾರದವರೆಗೆ ಹೋಗಿಯೂ ಬಂದ. ನನ್ನ ನಾಲ್ಕು ಪುಟಗಳಲ್ಲಿ ಶೀರ್ಷಿಕೆಯ ಜಾಗ ಮಾತ್ರ ಇನ್ನೂ ಖಾಲಿ ಇದೆ.