‘ಆಂಟಿ-ಹಿಸ್ಟೋನ್ ಎಚ್3’: ಇಲ್ಲಿ ‘ವಿರೋಧಿ’ ಸರಿಯೇ?

ಪ್ರಶ್ನೆ: ಸಂಶೋಧನೆಗೆ ಬಳಸುವ ಆಂಟಿಬಾಡಿಯೊಂದರ ಮಾಹಿತಿ ಹಾಳೆಯನ್ನು ಕನ್ನಡಕ್ಕೆ ತರಬೇಕಿದೆ. ಸೀಸೆಯ ಮೇಲೆ ‘ರ‍್ಯಾಬಿಟ್ ಆಂಟಿ-ಹಿಸ್ಟೋನ್ ಎಚ್3’ ಎಂದಿದೆ. ‘ಮೊಲದ ಹಿಸ್ಟೋನ್ ವಿರೋಧಿ ಪ್ರತಿಕಾಯ’ ಎಂದರೆ ಸಾಕೇ? ಅದೇ ಹಾಳೆಯಲ್ಲಿ ‘ರಿಯಾಕ್ಟಿವಿಟಿ’, ‘ಕ್ರಾಸ್-ರಿಯಾಕ್ಟಿವಿಟಿ’ ಎರಡೂ ಇವೆ. ಎರಡಕ್ಕೂ ‘ಪ್ರತಿಕ್ರಿಯೆ’ ಎಂದೇ ಬರೆಯಬಹುದೇ?

ಉತ್ತರ 1: ‘ವಿರೋಧಿ’ ಬೇಡ. ಅಲರ್ಜಿಗೆ ಕೊಡುವ ಆಂಟಿಹಿಸ್ಟಮಿನ್ ಮಾತ್ರೆ ಹಿಸ್ಟಮಿನ್‌ನ ಕೆಲಸವನ್ನು ತಡೆಯುತ್ತದೆ, ಅಲ್ಲಿ ಆ ಪದ ಒಪ್ಪುತ್ತದೆ. ಈ ಆಂಟಿಬಾಡಿ ಹಿಸ್ಟೋನನ್ನು ತಡೆಯಲೆಂದು ಇರುವುದಲ್ಲ. ಅದರ ಒಂದು ತುಣುಕನ್ನು ಗುರುತು ಹಿಡಿದು ಅಂಟಿಕೊಳ್ಳುತ್ತದೆ, ಅಷ್ಟೆ. ಹಿಸ್ಟಮಿನ್, ಹಿಸ್ಟೋನ್ ಎರಡೂ ಬೇರೆ ಬೇರೆ ವಸ್ತುಗಳು. ಹಿಸ್ಟೋನ್ ಎಂದರೆ ಡಿಎನ್‌ಎ ಎಳೆ ಸುತ್ತಿಕೊಳ್ಳಲು ಉರುಳೆಯಂತಿರುವ ಪ್ರೋಟೀನ್ (ಎಚ್3 ಅದರ ಒಂದು ಬಗೆ). ಹೆಬ್ಬಾತಿನ ಕೆಂಪು ರಕ್ತಕಣಗಳಿಂದ ಅದನ್ನು 1884ರಲ್ಲಿ ಬೇರ್ಪಡಿಸಿದವರು ಆಲ್ಬ್ರೆಕ್ಟ್ ಕೋಸೆಲ್. ಇನ್ನೊಂದು ತೊಡಕೂ ಇದೆ: ರೋಗಿಯ ರಕ್ತದ ವರದಿಯಲ್ಲಿ ‘ಆಂಟಿ-ಹಿಸ್ಟೋನ್ ಆಂಟಿಬಾಡಿ’ ಎಂದಿದ್ದರೆ ಅದು ಲೂಪಸ್‌ನಂಥ ಕಾಯಿಲೆಗಳಲ್ಲಿ, ಅದರಲ್ಲೂ ಕೆಲವು ಔಷಧಿಗಳಿಂದ ಬರುವ ಲೂಪಸ್‌ನಲ್ಲಿ, ದೇಹವೇ ತನ್ನ ಹಿಸ್ಟೋನಿನ ಮೇಲೆ ತಿರುಗಿ ಮಾಡಿಕೊಂಡದ್ದು. ನಿಮ್ಮ ಸೀಸೆಯಲ್ಲಿರುವುದು ಅದಲ್ಲ.

‘ಮೊಲದ’ ಎಂಬ ಷಷ್ಠಿ ಇನ್ನೂ ದೊಡ್ಡ ಗೊಂದಲ. ಅದು ಹಿಸ್ಟೋನಿಗೆ ಸೇರಿತೋ, ಆಂಟಿಬಾಡಿಗೋ? ‘ಎಚ್3 ಗುರುತಿಸುವ, ಮೊಲದಲ್ಲಿ ತಯಾರಾದ ಆಂಟಿಬಾಡಿ’ ಎಂದು ಬಿಡಿಸಿ ಬರೆಯಿರಿ. ಅದರ ಮೇಲೆ ಹಾಕುವ ‘ಗೋಟ್ ಆಂಟಿ-ರ‍್ಯಾಬಿಟ್’ ಅಂದರೆ ‘ಮೊಲದ ಆಂಟಿಬಾಡಿಯನ್ನು ಹಿಡಿಯುವ, ಮೇಕೆಯಲ್ಲಿ ತಯಾರಾದ ಎರಡನೇ ಆಂಟಿಬಾಡಿ’. ಇವೆರಡನ್ನು ಅದಲುಬದಲು ಓದಿಕೊಂಡು ಇಲಿಯ ಆಂಟಿಬಾಡಿ ಹಿಡಿಯುವುದನ್ನು ಸುರಿದರೆ ಬ್ಲಾಟ್ (ಜೆಲ್‌ನಲ್ಲಿ ಬೇರ್ಪಟ್ಟ ಪ್ರೋಟೀನನ್ನು ಪೊರೆಗೆ ಇಳಿಸಿ ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ಪೂರ್ತಿ ಖಾಲಿ ಬರುತ್ತದೆ. ಹಾಳೆಯಲ್ಲಿ ‘ರಿಕಾಂಬಿನೆಂಟ್’ ಎಂದಿದ್ದರೆ ‘ಮೊಲದಲ್ಲಿ ತಯಾರಾದ’ ಎಂಬುದೂ ತಪ್ಪಾಗುತ್ತದೆ. ಆಗ ಅದು ಸಾಕಿದ ಜೀವಕೋಶಗಳಲ್ಲಿ ತಯಾರಾದದ್ದು, ರಚನೆ ಮಾತ್ರ ಮೊಲದ್ದು. ಎರಡನೇ ಆಂಟಿಬಾಡಿ ಹಾಗೇ ಇರುತ್ತದೆ.

‘ಪ್ರತಿಕಾಯ’ ಪಠ್ಯಪುಸ್ತಕದಲ್ಲಿ ಚಲಾವಣೆಯಲ್ಲಿದೆ, ತಪ್ಪೇನಿಲ್ಲ. ಕೆಲಸದ ಹಾಳೆಗೆ ‘ಆಂಟಿಬಾಡಿ’ಯೇ ವಾಸಿ.

‘ರಿಯಾಕ್ಟಿವಿಟಿ: ಹ್ಯೂಮನ್, ಮೌಸ್’ ಎಂದರೆ ಮನುಷ್ಯ, ಇಲಿಗಳ ಮಾದರಿಯಲ್ಲಿ ಕೆಲಸ ಮಾಡುತ್ತದೆ ಎಂದು. ‘ಯಾವ ಪ್ರಾಣಿಯ ಮಾದರಿಗೆ’ ಎಂದು ಬರೆದರೆ ಮುಗಿಯಿತು. ‘ಕ್ರಾಸ್-ರಿಯಾಕ್ಟಿವಿಟಿ’ ಸಾಮಾನ್ಯವಾಗಿ ದೋಷ: ಗುರಿಯಲ್ಲದ್ದಕ್ಕೂ ಅಂಟುವುದು. ಹಿಸ್ಟೋನ್ ಆಂಟಿಬಾಡಿಗಳಲ್ಲಿ ಇದು ಸದಾ ಕಾಡುವ ಸಂಗತಿ. ಎಚ್3ಯ ಬಾಲದಲ್ಲಿ 9ನೇ ಲೈಸೀನ್, 27ನೇ ಲೈಸೀನ್ ಎರಡರ ಸುತ್ತಲೂ ಅಲನೀನ್, ಆರ್ಜಿನೀನ್, ಲೈಸೀನ್, ಸೆರೀನ್ ಎಂಬ ಅಮೈನೋ ಆಮ್ಲಗಳ (ಪ್ರೋಟೀನ್ ಸರದ ಮಣಿಗಳ) ಒಂದೇ ಸಾಲು ಇದೆ. ಹಾಗಾಗಿ 27ರ ಮೇಲಿನ ಮೂರು ಮೀಥೈಲ್ (ಲೈಸೀನಿಗೆ ಸೇರುವ ಪುಟ್ಟ ರಾಸಾಯನಿಕ ಗುರುತು) ಗುರುತಿಸಬೇಕಾದ ಆಂಟಿಬಾಡಿ 9ರ ಮೇಲಿನದಕ್ಕೂ ಅಂಟಿಬಿಡಬಹುದು. ಒಂದೊಂದು ಗುರುತಿರುವ ಪೆಪ್ಟೈಡ್‌ಗಳನ್ನು (ಪ್ರೋಟೀನಿನ ಚಿಕ್ಕ ತುಣುಕುಗಳನ್ನು) ಚುಕ್ಕಿಗಳಾಗಿ ಇಟ್ಟು ನೋಡಿದರೆ ತಿಳಿಯುತ್ತದೆ. ತದ್ವಿರುದ್ಧವೂ ಉಂಟು: 10ನೇ ಸೆರೀನಿಗೆ ಫಾಸ್ಫೇಟ್ ಸೇರಿದ್ದರೆ 9ರ ಮೀಥೈಲ್ ಇದ್ದೂ ಕೆಲವು ಆಂಟಿಬಾಡಿಗಳಿಗೆ ಕಾಣುವುದಿಲ್ಲ. ಇದನ್ನು ‘ಗುರುತು ಮರೆಯಾಗುವುದು’ ಎನ್ನಿ, ‘ಗುರುತು ಇಲ್ಲದಿರುವುದು’ ಅನ್ನಬೇಡಿ.

ಉತ್ತರ 2: ಮೇಲಿನದಕ್ಕೆ ಸೇರಿಸಬೇಕಾದ್ದು ಒಂದಿಷ್ಟಿದೆ.

‘ಬ್ಲಾಕಿಂಗ್’ಗೆ ‘ತಡೆ’ ಎಂದು ಬರೆದವರಿದ್ದಾರೆ. ಅಲ್ಲಿ ನಡೆಯುವುದು ಪೊರೆಯ ಖಾಲಿ ಜಾಗವನ್ನು 5% ಹಾಲಿನ ಪುಡಿಯಿಂದಲೋ ಬಿಎಸ್‌ಎ ಎಂಬ ಹಸುವಿನ ರಕ್ತದ ಪ್ರೋಟೀನಿನಿಂದಲೋ ಮುಚ್ಚುವ ಕೆಲಸ, ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಿರಲಿ ಎಂದು. ‘ಮುಚ್ಚಿಕೆ’ ಎಂದರೆ ಓದುಗನಿಗೆ ಕಾರಣವೂ ಹೊಳೆಯುತ್ತದೆ.

‘1:1000’ ಅನ್ನು ಅನುಪಾತವಾಗಿಯೇ ಬಿಡದೆ ‘10 ಮಿಲಿಲೀಟರ್ ದ್ರಾವಣಕ್ಕೆ 10 ಮೈಕ್ರೋಲೀಟರ್’ ಎಂದು ಬರೆಯಿರಿ. ಕ್ರೊಮ್ಯಾಟಿನ್ ಇಮ್ಯುನೊಪ್ರೆಸಿಪಿಟೇಶನ್‌ಗೆ, ಅಂದರೆ ಡಿಎನ್‌ಎಯ ಯಾವ ಜಾಗದಲ್ಲಿ ಆ ಪ್ರೋಟೀನ್ ಇದೆ ಎಂದು ಆಂಟಿಬಾಡಿಯಿಂದ ಹಿಡಿದೆಳೆದು ನೋಡುವ ‘ಚಿಪ್’ಗೆ, ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ತೂಕದಲ್ಲೇ ಹೇಳುವುದು, ಸಾಮಾನ್ಯವಾಗಿ ಒಂದು ಕೊಳವೆಗೆ 2ರಿಂದ 5 ಮೈಕ್ರೋಗ್ರಾಂ.

‘ವ್ಯಾಲಿಡೇಟೆಡ್’ಗೆ ‘ಪ್ರಮಾಣಿತ’ ಹಾಕಿದರೆ ಎಲ್ಲಕ್ಕೂ ನಡೆಯುತ್ತದೆ ಎಂಬ ಭರವಸೆ ಕೊಟ್ಟಂತೆ. ‘ಬ್ಲಾಟ್‌ನಲ್ಲಿ ಪರೀಕ್ಷಿಸಿದೆ’, ‘ಚಿಪ್‌ನಲ್ಲಿ ಪರೀಕ್ಷಿಸಿದೆ’ ಎಂದು ವಿಧಾನದ ಹೆಸರು ಹಿಡಿದೇ ಹೇಳಬೇಕು. ಬ್ಲಾಟ್‌ನಲ್ಲಿ ಪ್ರೋಟೀನ್ ಬಿಚ್ಚಿಕೊಂಡಿರುತ್ತದೆ. ಚಿಪ್‌ನಲ್ಲಿ ಅದು ಡಿಎನ್‌ಎಯ ಜೊತೆ ಮಡಿಕೆಯಲ್ಲೇ ಇರುತ್ತದೆ, ಮೇಲೆ 1% ಫಾರ್ಮಾಲ್ಡಿಹೈಡ್‌ನಲ್ಲಿ ಸುಮಾರು 10 ನಿಮಿಷ ಬೆಸೆದಿರುತ್ತಾರೆ. ಆ ಬೆಸುಗೆ ಲೈಸೀನ್‌ಗಳನ್ನೇ ಹಿಡಿಯುವುದರಿಂದ, ಹೆಚ್ಚು ಹೊತ್ತು ಬಿಟ್ಟರೆ ಆಂಟಿಬಾಡಿ ಹುಡುಕುವ ಜಾಗವೇ ಮುಚ್ಚಿಹೋಗಬಹುದು.

‘ಮೆಂಬ್ರೇನ್’ ಎಂದು ಬಂದ ಕಡೆ ರಂಧ್ರದ ಅಳತೆ ಕೈಬಿಡಬೇಡಿ. ಎಚ್3 ಸುಮಾರು 15 ಕಿಲೋಡಾಲ್ಟನ್‌ನ ಪುಟ್ಟ ಪ್ರೋಟೀನ್, 15% ಜೆಲ್‌ನಲ್ಲಿ 17ರ ಆಸುಪಾಸು ಕಾಣಿಸಿಕೊಳ್ಳುತ್ತದೆ. 0.45 ಮೈಕ್ರಾನ್ ಪೊರೆಯಾದರೆ ಅದು ತೂರಿ ಆಚೆಗೆ ಹೋಗಿಬಿಡಬಹುದು, 0.2 ಮೈಕ್ರಾನ್ ಬೇಕು. ‘ಪ್ರಿಸರ್ವೇಟಿವ್: ಸೋಡಿಯಂ ಅಜೈಡ್’ ಎಂಬ ಸಾಲನ್ನು ಬರೀ ‘ಸಂರಕ್ಷಕ’ ಎಂದು ಮುಗಿಸಬೇಡಿ, ಅಜೈಡ್ ಹೆಸರು ಉಳಿಯಲಿ. ಅದು ಎರಡನೇ ಆಂಟಿಬಾಡಿಗೆ ಕಟ್ಟಿರುವ, ಗುರುತು ಕಾಣುವಂತೆ ಮಾಡುವ ಪೆರಾಕ್ಸಿಡೇಸ್ ಕಿಣ್ವವನ್ನು ಕೆಡಿಸುತ್ತದೆ, ಆ ಹಂತದ ದ್ರಾವಣದಲ್ಲಿ ಸುಳಿಯಲೇಬಾರದು.