ದೊಡ್ಡವನಿಗೆ ಆರ್‌ಎಸ್‌ವಿ ಜೋರಾಗಿತ್ತು, ಹುಟ್ಟುವ ಮಗುವಿಗೂ ಹಾಗೇ ಆಗುತ್ತಾ?

ಹಾಸನದ ಅಮ್ಮ:
ದೊಡ್ಡ ಮಗನಿಗೆ ಮೂರು ತಿಂಗಳಿದ್ದಾಗ ನೆಗಡಿ ಶುರುವಾಗಿ, ಪಕ್ಕೆ ಸೆಳೆತ ಬಂದು ಆಕ್ಸಿಜನ್ ಹಾಕಿಸಬೇಕಾಯಿತು. ಆರ್‌ಎಸ್‌ವಿ ಅಂದರು, ಉಸಿರಾಟಕ್ಕೆ ತೊಂದರೆ ಕೊಡುವ ಒಂದು ವೈರಸ್ ಅಂತೆ. ನನಗೀಗ ಮತ್ತೆ ಏಳು ತಿಂಗಳು. ಗಂಡನಿಗೂ ಚಿಕ್ಕಂದಿನಲ್ಲಿ ಎದೆಯಲ್ಲಿ ಗುರುಗುರು ಇತ್ತಂತೆ. ‘ನಮ್ಮ ವಂಶದ ಮಕ್ಕಳಿಗೆಲ್ಲ ಕಫ’ ಅನ್ನುತ್ತಾರೆ ಅತ್ತೆ. ಇದು ರಕ್ತದಲ್ಲೇ ಬರುತ್ತಾ? ಜೀನ್ ಟೆಸ್ಟ್ ಮಾಡಿಸಬೇಕಾ?

ಅವಳಿ ಮಕ್ಕಳ ತಾಯಿ:
ನನ್ನ ಅವಳಿಗಳಲ್ಲಿ ಒಬ್ಬಳು ಐಸಿಯುಗೆ ಹೋದಳು, ಇನ್ನೊಬ್ಬಳಿಗೆ ಬರೀ ಮೂಗು ಸೋರಿತು. ಸಿಡಿಎಚ್‌ಆರ್3 ಅಂತ ಒಂದು ಜೀನ್ ಇದೆ ಅಂತ ಓದಿದ್ದೆ. ಅದನ್ನು ನೋಡಿಸಬಹುದಾ?

ಮಕ್ಕಳ ಐಸಿಯು ನರ್ಸ್:
ಆ ಜೀನ್ ಸಂಬಂಧ ನೆಗಡಿ ತರುವ ಇನ್ನೊಂದು ವೈರಸ್ ಆದ ರೈನೋವೈರಸ್ ಸಿ ಜೊತೆ, ಆರ್‌ಎಸ್‌ವಿ ಜೊತೆ ಅಲ್ಲ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ತಗಲುತ್ತದೆ. ಯಾರಿಗೆ ಜೋರಾಗುತ್ತದೆ ಅನ್ನುವುದರಲ್ಲಿ ಜೀನ್‌ಗೂ ಪಾಲಿದೆ, ಆದರೆ ಸಣ್ಣದು. ಡೆನ್ಮಾರ್ಕ್‌ನಲ್ಲಿ ಸಾವಿರಾರು ಅವಳಿಗಳ ದಾಖಲೆ ನೋಡಿದ್ದರು. ಇಬ್ಬರೂ ಅಡ್ಮಿಟ್ ಆಗುವುದು ತದ್ರೂಪಿ ಅವಳಿಗಳಲ್ಲಿ ಸ್ವಲ್ಪ ಜಾಸ್ತಿ, ಅಷ್ಟೇ. ಬೆಳೆಯುವ ಮನೆಯ ಪಾಲೇ ದೊಡ್ಡದು.

ಒಂದು ಕೇಳಲೇಬೇಕು. ನಿಮ್ಮದು ಸಂಬಂಧದಲ್ಲಿ ಮದುವೆಯಾ?

ಹಾಸನದ ಅಮ್ಮ:
ಹೌದು, ಸೋದರತ್ತೆ ಮಗ. ಈಗ ಭಯ ಆಗ್ತಿದೆ. ಮಗ ಆಮೇಲೆ ಚೆನ್ನಾಗೇ ಇದ್ದಾನೆ.

ಮಕ್ಕಳ ಐಸಿಯು ನರ್ಸ್:
ಚೆನ್ನಾಗಿದ್ದಾನಲ್ವಾ, ಅದೇ ಮುಖ್ಯ. ಐಎಫ್‌ಐಎಚ್1 ಅಂತ ಒಂದು ಜೀನ್ ಇದೆ. ವೈರಸ್ ಒಳಗೆ ಬಂದಿದ್ದನ್ನು ಪತ್ತೆ ಹಚ್ಚುವ ಪ್ರೋಟೀನ್ ಅದರಿಂದ ಆಗುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಸಾಮಾನ್ಯ ನೆಗಡಿಗೂ ಮಗು ಮತ್ತೆ ಮತ್ತೆ ಐಸಿಯು ಸೇರಬೇಕಾಗಬಹುದು. ಸಂಬಂಧದ ಮದುವೆಯಲ್ಲಿ ಈ ಸಾಧ್ಯತೆ ಹೆಚ್ಚು, ಆದರೂ ತೀರಾ ಅಪರೂಪ. ಒಂದೇ ಸಲ ಆಗಿ ಹುಷಾರಾದ ಮಗನಿಗೆ ಸುಮ್ನೆ ಟೆಸ್ಟ್ ಬೇಡ ಅಂತ ನನಗನ್ನಿಸುತ್ತದೆ. ಸಂಬಂಧದ ವಿಷಯ ಮಾತ್ರ ಡಾಕ್ಟರ್‌ಗೆ ಹೇಳಿಡಿ.

ದಯವಿಟ್ಟು ಸ್ನಾನದ ನಂತರದ ಸಾಂಬ್ರಾಣಿ ಹೊಗೆ ನಿಲ್ಲಿಸಿ. ಅತ್ತೆಗೆ ಬೇಜಾರಾದರೂ ಪರವಾಗಿಲ್ಲ. ಎಳೆಗೂಸಿನ ಸಣ್ಣ ಉಸಿರುನಾಳ ಸ್ವಲ್ಪ ಊದಿಕೊಂಡು ಲೋಳೆ ತುಂಬಿದರೂ ಕಟ್ಟಿಕೊಳ್ಳುತ್ತದೆ, ಹೊಗೆ ಅದನ್ನು ಇನ್ನೂ ಕೆರಳಿಸುತ್ತದೆ. ದೊಡ್ಡವನಿಗೆ ನೆಗಡಿ ಇದ್ದರೆ ಪಾಪುವಿನ ಮುಖಕ್ಕೆ ಮುತ್ತು ಕೊಡಿಸಬೇಡಿ. ಬಸುರಿಯರಿಗೆ ಕೊಡುವ ಆರ್‌ಎಸ್‌ವಿ ಲಸಿಕೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ 32ರಿಂದ 36 ವಾರದೊಳಗೆ ಕೊಡುತ್ತಾರೆ. ನಿಮಗೆ ಸಿಗುತ್ತದಾ ಅಂತ ಈ ವಾರವೇ ಕೇಳಿ.

ಹುಟ್ಟಿದ ಮೇಲೆ ಪಕ್ಕೆ ಒಳಗೆ ಎಳೆದರೆ, ಹಾಲು ಅರ್ಧಕ್ಕರ್ಧ ಕಡಿಮೆಯಾದರೆ ಬೆಳಗಿನವರೆಗೆ ಕಾಯಬೇಡಿ.