ಅಪ್‌ಡೇಟ್: ಕ್ವಾಯರ್ ವಿಷಯದಲ್ಲಿ ನನ್ನ ಅಹಂಕಾರ

ಮುಂಬೈನ ನಮ್ಮ ಕನ್ನಡ ಚರ್ಚ್ ಸಭೆಯಲ್ಲಿ ನಾನು 12 ವರ್ಷ ನಡೆಸಿದ ಕ್ವಾಯರನ್ನು (ಹಾಡುವ ತಂಡವನ್ನು) ಚಿಕ್ಕ ಹುಡುಗನಿಗೆ ಕೊಟ್ಟರು, ಅವನ ಕೈಕೆಳಗೆ ಹಾಡಲು ಮನಸ್ಸಿಲ್ಲ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬೈಬಲ್‌ನ ಯೋಹಾನ ಸುವಾರ್ತೆಯ 13ನೇ ಅಧ್ಯಾಯ ಓದಿ ಅಂದಿದ್ದಿರಿ. ದಾದರ್‌ನಿಂದ ಕಲ್ಯಾಣ್‌ವರೆಗೆ ಲೋಕಲ್‌ನಲ್ಲಿ ದಿನಾ ಓದಿದೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದಾಗ ಇಸ್ಕರಿಯೋತ ಯೂದನೂ ಅಲ್ಲೇ ಇದ್ದ, ಅಲ್ವಾ? ಅವನು ಎದ್ದು ಹೋದದ್ದು ಆಮೇಲೆ. ತನ್ನನ್ನು ಶತ್ರುಗಳಿಗೆ ಹಿಡಿದುಕೊಡುವವನ ಕಾಲನ್ನೂ ಸ್ವಾಮಿ ತೊಳೆಯದೆ ಬಿಡಲಿಲ್ಲ! ಈ ಹುಡುಗ ನನಗೆ ಯಾವ ಕೇಡು ಮಾಡಿದ್ದಾನೆ?

ಶನಿವಾರ ಪ್ರಾಕ್ಟೀಸ್‌ಗೆ ಬೇಗ ಹೋಗಿ, "ತಮ್ಮಾ, ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಕ್ಷಮಿಸು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಣ್ಣಾ, ಎರಡನೇ ಚರಣದ ರಾಗ ಸಿಗ್ತಿಲ್ಲ, ಹೇಳಿಕೊಡ್ತೀರಾ?" ಅಂದ.

ಹೇಳಿಕೊಟ್ಟೆ. ಭಾನುವಾರ ಹಿಂದಿನ ಸಾಲಿನಲ್ಲಿ ನಿಂತು ಹಾಡಿದೆ.